ಕಾಣೆಯಾದ ಐದನೇ ಪಾಲು

ಐದರಲ್ಲಿ ಒಂದು ಪಾಲು ಕಾಣೆ. ಡಬ್ಬಿಯಲ್ಲಿ ಸಕ್ಕರೆ ಹೀಗೆ ಕಡಿಮೆಯಾದರೆ ಇರುವೆಯನ್ನೋ ಮಕ್ಕಳನ್ನೋ ಬೈಯಬಹುದು. ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣ ಕಡಿಮೆಯಾದರೆ ಯಾರನ್ನು ಬೈಯುವುದು? ಪ್ರಯೋಗಾಲಯದವರಿಗೆ ಅದಕ್ಕೂ ಇಬ್ಬರು ಸಿಕ್ಕಿದ್ದರು. ಇಬ್ಬರೂ ಒಂದೇ ಮನೆಯವರು, ಅತ್ತಿಗೆ ಮತ್ತು ನಾದಿನಿ.

ಕೆಲಸ ಇಷ್ಟೇ. ತೊಟ್ಟಿಯ ತುಂಬ ಕರಗಿದ ಗ್ಯಾಲಿಯಂ ಲೋಹ, ಅದರ ನಡುವೆ ವಿಕಿರಣ ಸೂಸುವ ಒಂದು ಉಂಡೆ. ಉಂಡೆಯಿಂದ ಹೊರಟ ನ್ಯೂಟ್ರಿನೊಗಳಲ್ಲಿ ಎಲ್ಲೋ ಒಂದೊಂದು ಗ್ಯಾಲಿಯಂ ಪರಮಾಣುವಿಗೆ ಬಡಿದು ಅದನ್ನು ಜರ್ಮೇನಿಯಂ ಮಾಡುತ್ತದೆ. ಆ ಜರ್ಮೇನಿಯಂ ಅನ್ನು ಆಮ್ಲದಲ್ಲಿ ತೊಳೆದು ಹೊರತೆಗೆಯುವವಳು ಅತ್ತಿಗೆ. ಉಂಡೆಯ ಬಿಸಿ ಅಳೆದು, ಎಷ್ಟು ನ್ಯೂಟ್ರಿನೊ ಹೊರಡಬೇಕೆಂದು ಹೇಳುವವಳು ನಾದಿನಿ. ಅವಳ ಲೆಕ್ಕದ ಪ್ರಕಾರ ಸಿಗಬೇಕಾದ ಜರ್ಮೇನಿಯಂಗಿಂತ ಇವಳಿಗೆ ಸಿಕ್ಕಿದ್ದು ಐದನೇ ಒಂದು ಪಾಲು ಕಡಿಮೆ. ಇಬ್ಬರದೂ ಸರಿಯೆಂದಾದರೆ ಉಳಿಯುವುದು ಮೂರನೆಯ ಉತ್ತರ: ಕೆಲವು ನ್ಯೂಟ್ರಿನೊಗಳು ದಾರಿಯಲ್ಲೇ ವೇಷ ಬದಲಿಸಿ ಸ್ಟೆರೈಲ್ ನ್ಯೂಟ್ರಿನೊ ಆಗಿವೆ, ಯಾವುದನ್ನೂ ಮುಟ್ಟದೆ ದಾಟಿಹೋಗಿವೆ. ಅಂಥದ್ದನ್ನು ಕಂಡವರಿಲ್ಲ. ಕಾಣದ ಕಣವನ್ನು ನಂಬುವುದಕ್ಕಿಂತ ಎದುರಿಗೆ ಕೂತ ಹೆಂಗಸನ್ನು ಅನುಮಾನಿಸುವುದು ಎಲ್ಲರಿಗೂ ಸುಲಭ.

"ಒಂದು ಕಡೆ ನೋಡಿದ್ರೆ, ತೊಳೆಯೋದ್ರಲ್ಲಿ ನಷ್ಟ ಆಗಿರಬಹುದು," ಎಂದರು ಮುಖ್ಯಸ್ಥರು. "ಇನ್ನೊಂದು ಕಡೆ ನೋಡಿದ್ರೆ..." ಇನ್ನೊಂದು ಕಡೆಯನ್ನು ಅವರು ಯಾವತ್ತೂ ಪೂರ್ತಿ ನೋಡಿದವರಲ್ಲ. ಹಿಂದಿನಿಂದ ಎಲ್ಲರೂ ಅವರನ್ನು ತಕ್ಕಡಿ ಎನ್ನುತ್ತಿದ್ದರು. ಮುಳ್ಳು ತನ್ನ ಕಡೆಗೇ ವಾಲಿದ್ದು ಅತ್ತಿಗೆಗೆ ತಿಳಿಯಿತು. ತೊಳೆಯುವ ಕೆಲಸ ಕೈತಪ್ಪಿದರೆ ಆ ಕಟ್ಟಡದಲ್ಲಿ ಅವಳು ಯಾರೂ ಅಲ್ಲ.

"ಗುಟ್ಟಿನ ಪರೀಕ್ಷೆ ಮಾಡಿಬಿಡೋಣ," ಎಂದಳು ನಾದಿನಿ. ಅಲ್ಲಿ ಹಾಗೊಂದು ಪದ್ಧತಿಯಿದೆ. ಒಬ್ಬರು ಅಳೆದ ಜರ್ಮೇನಿಯಂ ಅನ್ನು ತೊಟ್ಟಿಗೆ ಹಾಕುತ್ತಾರೆ, ಎಷ್ಟೆಂದು ಬಾಯಿ ಬಿಡುವುದಿಲ್ಲ. ಇನ್ನೊಬ್ಬರು ಎಂದಿನಂತೆ ಒಂದೇ ಸಲ ತೊಳೆದು, ಸಿಕ್ಕಿದ್ದೆಷ್ಟೆಂದು ಮೊದಲು ಹೇಳಬೇಕು. ಹಾಕಿದವರು ಆಮೇಲೆ ಹೇಳುತ್ತಾರೆ.

ಆಮೇಲೆ! ಅತ್ತಿಗೆಯ ತಲೆಗೆ ಹುಳ ಹೊಕ್ಕಿದ್ದೇ ಅಲ್ಲಿ. ನಾದಿನಿ ಹಾಕಿದ್ದಕ್ಕಿಂತ ಹೆಚ್ಚು ಹೇಳಿದರೆ ಕೇಳುವವರಾರು? ತೊಳೆದವಳು ಸಿಕ್ಕಿಬೀಳುತ್ತಾಳೆ, ಅಳೆದವಳು ಪಾರಾಗುತ್ತಾಳೆ. ಮರುದಿನ ಬೆಳಿಗ್ಗೆ ನಾದಿನಿ ಎಂದೂ ಇಲ್ಲದ ಹಾಗೆ ತಾನೇ ಚಹಾ ಬಗ್ಗಿಸಿ, "ನಿದ್ದೆ ಬಂತಾ ಅತ್ತಿಗೆ?" ಎಂದು ಬೇರೆ ಕೇಳಿದಳು.

"ನನ್ನ ತಂಗಿ ಅಂಥೋಳಲ್ಲ ಕಣೇ," ಎಂದ ಗಂಡ, ನಾದಿನಿ ಅತ್ತ ಹೋದ ಮೇಲೆ ಹೆಂಡತಿಯ ಅನುಮಾನ ಕೇಳಿ.

"ನಿಮ್ಮ ತಂಗಿ ತಾನೇ, ನೀವು ಇನ್ನೇನು ಹೇಳ್ತೀರ?"

ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ಇವಳು ಕಳ್ಳಿಯಲ್ಲ, ಆದರೂ ನಂಬಳು. ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ, ನಾದಿನಿ ಜರ್ಮೇನಿಯಂ ಹಾಕಿಹೋಗಿದ್ದ ತೊಟ್ಟಿಯನ್ನು ಒಂದು ಸಲ ತೊಳೆದಳು. ಚೂರೂ ಉಳಿದಿರಬಾರದೆಂದು ಯಾರಿಗೂ ಹೇಳದೆ ಇನ್ನೊಂದು ಸಲ ತೊಳೆದಳು. ಎರಡನೆಯ ಆಮ್ಲವನ್ನು ಬೇರೆ ಇಟ್ಟಿದ್ದರೆ ಮೊದಲ ಸಲ ಎಷ್ಟು ತಪ್ಪಿಹೋಗಿತ್ತೆಂದಾದರೂ ತಿಳಿಯುತ್ತಿತ್ತು; ಅವಸರದಲ್ಲಿ ಮೊದಲನೆಯದಕ್ಕೇ ಸುರಿದುಬಿಟ್ಟಳು. ಅನುಮಾನಕ್ಕೆ ಬುದ್ಧಿ ಎಲ್ಲಿಂದ ಬರಬೇಕು!

ಸಭೆಯಲ್ಲಿ ಅತ್ತಿಗೆ ಸಿಕ್ಕಿದ್ದನ್ನು ಹೇಳಿ, ನಾದಿನಿಯ ಮುಖ ನೋಡಿದಳು. ನಾದಿನಿ ಹಾಕಿದ್ದನ್ನು ಹೇಳಿದಳು. ಎರಡಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ.

"ನೋಡಿದ್ರಾ?" ನಾದಿನಿಯ ಮುಖ ಅರಳಿತು. "ಅತ್ತಿಗೆ ಕೈ ತಪ್ಪೋದಿಲ್ಲ ಅಂತ ನಂಗೊತ್ತಿತ್ತು. ಅವರ ಮೇಲಿನ ಮಾತು ನಿಲ್ಲಲಿ ಅಂತಲೇ ಪರೀಕ್ಷೆ ಕೇಳಿದ್ದು. ಇನ್ನು ಉಳಿದಿರೋದು ಸ್ಟೆರೈಲ್ ನ್ಯೂಟ್ರಿನೊ, ಇಲ್ಲಾ ನನ್ನ ತಪ್ಪು."

"ಹಾಗಾದ್ರೆ ಬಿಸಿ ಅಳೆಯೋದನ್ನ ಸದ್ಯಕ್ಕೆ ಬೇರೆಯವರು ನೋಡ್ಕೊಳ್ಳಲಿ," ಎಂದರು ತಕ್ಕಡಿ. ಈ ಸಲ ಇನ್ನೊಂದು ಕಡೆಯ ಮಾತೇ ಬರಲಿಲ್ಲ.

ಅತ್ತಿಗೆ ನಾಚಿಕೆಯಿಂದ ಹಿಡಿಯಷ್ಟಾದಳು. ಬಾಯಿ ಮುಚ್ಚಿಕೊಂಡಿದ್ದರೆ ಅವಳು ಬಚಾವಾಗುತ್ತಿದ್ದಳು. ಮುಚ್ಚಿಕೊಂಡಿರಲು ಆಗಲಿಲ್ಲ.

"ನಾನು ಎರಡು ಸಲ ತೊಳೆದೆ."

"ಯಾಕೆ ಅತ್ತಿಗೆ?" ಎಂದಳು ನಾದಿನಿ.

"ನೀನು ಹಾಕಿದ್ದಕ್ಕಿಂತ ಜಾಸ್ತಿ ಹೇಳ್ತೀಯ ಅಂದ್ಕೊಂಡೆ."

ನಾದಿನಿ ಮೆಲ್ಲಗೆ ಕುರ್ಚಿಗೆ ಒರಗಿದಳು. "ನಾಳೆ ಮತ್ತೆ ಮಾಡೋಣ. ಒಂದೇ ಸಲ ತೊಳೀರಿ," ಎಂದಳು. ಆಮೇಲೆ ಅತ್ತಿಗೆಯ ಕಡೆ ನೋಡದೆ, ತಕ್ಕಡಿಗೆ ಹೇಳಿದಳು:

"ಜರ್ಮೇನಿಯಂ ಬೇರೆ ಯಾರಾದ್ರೂ ಹಾಕ್ಲಿ ಸಾರ್. ನಾನು ಹಾಕಿದ್ರೆ ಅತ್ತಿಗೆ ಕೈ ನಡುಗುತ್ತೆ."