ಹನ್ನೊಂದನೆಯ ಬಾವಿಯ ಮೂವತ್ತೊಂದು ಗಂಟೆ

ನೆಲದಡಿ ಎಷ್ಟು ಹೀಲಿಯಂ ಇದೆಯೆಂದು ತಿಳಿಯಲು ಬಾವಿಗಳ ಬಾಯಿ ಮುಚ್ಚಿ ಎಪ್ಪತ್ತೆರಡು ಗಂಟೆ ಕಾಯಬೇಕು. ಅಮರಿಲ್ಲೊ ಊರಾಚೆಯ ಹುಲ್ಲುಗಾವಲಿನಲ್ಲಿ ಆರ್ಲಿಸ್ ಹ್ಯಾಚೆಲ್ ಮೂವತ್ತು ವರ್ಷದಿಂದ ಮಾಡುತ್ತ ಬಂದ ಕೆಲಸ ಅದು. ಸರ್ಕಾರ ಅಲ್ಲಿ ಅನಿಲವನ್ನು ತೊಟ್ಟಿಯಲ್ಲಿ ಕೂಡಿಟ್ಟಿರಲಿಲ್ಲ, ಮೂರು ಸಾವಿರ ಅಡಿ ಆಳದ ಬಂಡೆಗೆ ತುಂಬಿಸಿತ್ತು. ಬಂಡೆಯ ಸಣ್ಣ ಸಣ್ಣ ರಂಧ್ರಗಳಿಂದ ಅನಿಲ ನಿಧಾನವಾಗಿ ಬಾವಿಯ ಕಡೆಗೆ ಬರುತ್ತದೆ. ಮೊದಲ ದಿನ ಒತ್ತಡ ಏರುತ್ತದೆ, ಎರಡನೆಯ ದಿನವೂ ಏರುತ್ತದೆ, ಮೂರನೆಯ ದಿನ ನಿಲ್ಲುತ್ತದೆ. ನಿಂತ ಮೇಲೆ ಅಳೆದರೆ ಅದು ಅಳತೆ. ಮೊದಲೇ ಅಳೆದರೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಆ ವರ್ಷದ ಜೂನ್‌ನಲ್ಲಿ ಅವನು ಕೊನೆಯ ಸಲ ಅಳೆದ. ನಿಕ್ಷೇಪ ಮಾರಾಟವಾಗಿತ್ತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾವಿಗಳು, ಕೊಳವೆಗಳು, ದಾಖಲೆಗಳು ಎಲ್ಲವೂ ಖಾಸಗಿ ಕಂಪನಿಗೆ ಸೇರುತ್ತಿದ್ದವು. ಆಮೇಲೆ ಹಳೆಯ ದಾಖಲೆಯಲ್ಲಿ ಒಂದಕ್ಷರ ತಿದ್ದುವ ಅಧಿಕಾರವೂ ಸರ್ಕಾರದ ನೌಕರರಿಗೆ ಇರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಕಂಪನಿಯ ಎಂಜಿನಿಯರ್ ನೊರೀನ್ ಬಾಕಾ ದಾಖಲೆ ಕೋಣೆಯಲ್ಲಿ ಕುಳಿತಿದ್ದಳು. ಅವಳ ಮುಂದೆ ಊಟದ ತಟ್ಟೆಯಷ್ಟಗಲದ ದುಂಡು ಕಾಗದಗಳ ರಾಶಿಯಿತ್ತು. ಬಾವಿಯ ಬಾಯಿಗೆ ಕೂರಿಸಿದ ಯಂತ್ರದಲ್ಲಿ ಈ ಕಾಗದ ಗಡಿಯಾರದಂತೆ ತಿರುಗುತ್ತದೆ, ಮುಳ್ಳೊಂದು ಒತ್ತಡದ ಗೆರೆ ಎಳೆಯುತ್ತ ಹೋಗುತ್ತದೆ.

"ಬನ್ನಿ ಸರ್, ನಿಮ್ಮನ್ನೇ ಕಾಯ್ತಿದ್ದೆ," ಎಂದಳು. "ಹನ್ನೊಂದನೇ ಬಾವಿದು ಏನು ಕಥೆ?"

"ಅದನ್ನ ಮುಚ್ಚಿ ಹದಿಮೂರು ವರ್ಷ ಆಯ್ತಮ್ಮ. ಸಿಮೆಂಟ್ ತುಂಬಿದೀವಿ."

"ಅದು ಗೊತ್ತು. ಯಾಕೆ ಮುಚ್ಚಿದ್ರಿ?"

"ಸೋರಿಕೆ ಅಂತ ಬರ್ದಿದೆಯಲ್ಲ."

"ಬರ್ದಿದೆ. ಸ್ಟ್ರೌಡ್ ಅನ್ನೋರು ಹಾಕಿದ ಕೊಳವೆಯ ಜೋಡಣೆ ಸರಿ ಇರ್ಲಿಲ್ಲ ಅಂತಾನೂ ಬರ್ದಿದೆ." ಅವಳು ಒಂದು ಕಾಗದವನ್ನು ಬೆಳಕಿಗೆ ಹಿಡಿದಳು. "ಆದ್ರೆ ಇದು ನೋಡಿ. ಸೋರೋ ಬಾವಿ ಗೆರೆ ಹೀಗಿರಲ್ಲ. ಇದು ಏರ್ತಾನೇ ಇದೆ. ಏರ್ತಾ ಏರ್ತಾ ಇದ್ದ ಹಾಗೇ ಯಾರೋ ಕಾಗದ ಕಿತ್ತಿದಾರೆ. ಮೂವತ್ತೊಂದು ಗಂಟೆಗೆ. ಅಳತೆ ಹಾಳೆಯಲ್ಲಿ ಎಪ್ಪತ್ತೆರಡು ಅಂತಿದೆ."

ಆರ್ಲಿಸ್ ಬಾಗಿಲ ಕಡೆಗೆ ತಿರುಗಿದ.

"ನನಗೇನೂ ಆಗ್ಬೇಕಾಗಿಲ್ಲ ಸರ್. ಸಿಮೆಂಟ್ ತುಂಬಿದ ಬಾವಿ. ಬರೀ ಕೇಳ್ದೆ ಅಷ್ಟೆ," ಎಂದು ಅವಳು ಕಾಗದವನ್ನು ಪೆಟ್ಟಿಗೆಗೆ ಹಾಕಿದಳು.

ಹದಿಮೂರು ವರ್ಷದ ಹಿಂದೆ ಆ ಕಾಗದವನ್ನು ಕಿತ್ತವನು ಆರ್ಲಿಸ್. ಮಾರ್ಚ್ ತಿಂಗಳು. ಅವನ ಹೆಂಡತಿ ನೆಡ್ರಾ ಲಬಕ್‌ನ ಆಸ್ಪತ್ರೆಯಲ್ಲಿದ್ದಳು. ಅಳತೆಗೆಂದು ಹನ್ನೊಂದನೆಯ ಬಾವಿಯ ಬಾಯಿ ಮುಚ್ಚಿದ ಮರುದಿನ ಮಧ್ಯಾಹ್ನ ನರ್ಸ್ ಫೋನ್ ಮಾಡಿ, ಬರುವುದಿದ್ದರೆ ಈಗಲೇ ಬನ್ನಿ ಎಂದಳು. ಅವನು ಆ ಗಳಿಗೆಯ ಒತ್ತಡವನ್ನೇ ಅಳೆದು, ಕಾಗದ ಕಿತ್ತು, ಬಾವಿ ತೆರೆದು, ಹಾಳೆಯಲ್ಲಿ ಎಪ್ಪತ್ತೆರಡು ಗಂಟೆ ಎಂದು ಬರೆದು ಹೊರಟ. ಎರಡು ಗಂಟೆಯ ದಾರಿ. ನೆಡ್ರಾಳ ಕೊನೆಯ ಮೂರು ಗಂಟೆ ಅವಳ ಪಕ್ಕದಲ್ಲಿದ್ದ.

ಎರಡು ವಾರದ ನಂತರ ಕೆಲಸಕ್ಕೆ ಮರಳಿದಾಗ ಅವನ ಅಂಕಿ ಮೇಲಿನವರ ಕೈ ಸೇರಿತ್ತು. ಅಕ್ಕಪಕ್ಕದ ಬಾವಿಗಳಿಗಿಂತ ಹನ್ನೊಂದರ ಒತ್ತಡ ಕಡಿಮೆ ಎಂದರೆ ಅಲ್ಲಿ ಅನಿಲ ಸೋರುತ್ತಿದೆ ಎಂದೇ ಅವರು ತಿಳಿದರು. ಆರ್ಲಿಸ್ ಅಳೆದದ್ದನ್ನು ಯಾರೂ ಮತ್ತೆ ಅಳೆಯುತ್ತಿರಲಿಲ್ಲ. ಹಿಂದಿನ ವರ್ಷ ಆ ಬಾವಿಯ ಕೊಳವೆ ಬದಲಿಸಿದ್ದವನು ಎಲ್ಡನ್ ಸ್ಟ್ರೌಡ್. ಜೋಡಣೆ ಬಿಗಿಯಾಗಿದೆ ಎಂದು ಎಲ್ಡನ್ ಮೂರು ಸಲ ಹೇಳಿದ. ಹಳೆಯ ಬಾವಿ, ಮುಚ್ಚಿಬಿಡುವುದೇ ಸುಲಭ ಎಂದು ಮೇಲಿನವರು ತೀರ್ಮಾನಿಸಿದರು. ಸಿಮೆಂಟ್ ತುಂಬುವ ಕೆಲಸವನ್ನೂ ಎಲ್ಡನ್‌ಗೇ ಕೊಟ್ಟರು. ಅದನ್ನು ಮುಗಿಸಿ ಅವನು ನಿವೃತ್ತಿ ಕಾಗದಕ್ಕೆ ಸಹಿ ಹಾಕಿದ. ಇನ್ನೂ ಆರು ವರ್ಷದ ಕೆಲಸ ಬಾಕಿಯಿತ್ತು.

ಅಂದು ಹೇಳಬಹುದಿತ್ತು. ಇವತ್ತು ಬೇಡ, ನಾಳೆ ಎಂದು ಆರ್ಲಿಸ್ ಮುಂದೂಡಿದ. ಒಂದು ತಿಂಗಳು ಕಳೆದ ಮೇಲೆ ಹೇಳುವುದು ಮೊದಲಿಗಿಂತ ಕಷ್ಟವಾಯಿತು, ಒಂದು ವರ್ಷ ಕಳೆದ ಮೇಲೆ ಆಗದ ಮಾತಾಯಿತು. ಬಾವಿಯ ಆ ದುಂಡು ಕಾಗದವನ್ನು ಹರಿದೆಸೆಯಲು ಮಾತ್ರ ಅಳತೆಗಾರನ ಕೈ ಒಪ್ಪಿರಲಿಲ್ಲ. ಅದನ್ನು ಉಳಿದವುಗಳ ಜೊತೆಗೇ ಇಟ್ಟಿದ್ದ.

ಮಧ್ಯಾಹ್ನ ಅವನು ದಾಖಲೆ ಕೋಣೆಗೆ ಮರಳಿ ಬಂದು ತಿದ್ದುಪಡಿಯ ಹಾಳೆ ಕೇಳಿದ. ನೊರೀನ್ ಪೆನ್ನು ಕೆಳಗಿಟ್ಟಳು.

"ಕೂತ್ಕೊಳ್ಳಿ ಸರ್. ಒಂದು ಮಾತು. ಮುಂದಿನ ಎರಡು ವರ್ಷ ನೀವೇ ಅಳೀಬೇಕು ಅಂತ ನಾವು ಕೇಳಿದೀವಿ. ಪತ್ರ ಬಂದಿದೆ ತಾನೆ?"

"ಬಂದಿದೆ."

"ನೀವು ಇದನ್ನ ಬರೆದ್ರೆ ನಾನು ನೋಡಿಲ್ಲ ಅನ್ನೋಕಾಗಲ್ಲ. ಒಂದು ಅಳತೆ ಸುಳ್ಳು ಅಂದ್ರೆ ಉಳಿದದ್ದು ನಿಜ ಅಂತ ಯಾರು ನಂಬ್ತಾರೆ? ಮೂವತ್ತು ವರ್ಷದ್ದೂ ತೆಗೆದು ನೋಡ್ಬೇಕಾಗುತ್ತೆ. ಆ ಪತ್ರ ನಾನೇ ವಾಪಸ್ ತಗೋಬೇಕಾಗುತ್ತೆ."

"ನೋಡ್ಲಿ. ಉಳಿದದ್ದೆಲ್ಲ ಸರಿ ಇದೆ."

"ನಾಳೆ ಹನ್ನೆರಡು ಗಂಟೆ ಆದ್ರೆ ಇದು ಯಾರಿಗೂ ಬೇಡದ ಕಾಗದ ಸರ್."

"ಅದಕ್ಕೇ ಇವತ್ತು ಬಂದೆ ಕಣಮ್ಮ."

ಅವನು ಬರೆದ. ಹನ್ನೊಂದನೆಯ ಬಾವಿಯನ್ನು ಮೂವತ್ತೊಂದು ಗಂಟೆಗೆ ಅಳೆಯಲಾಗಿದೆ. ಎಪ್ಪತ್ತೆರಡು ಎಂಬುದು ಸುಳ್ಳು. ಅಳೆದವನು ಆರ್ಲಿಸ್ ಹ್ಯಾಚೆಲ್. ಸೋರಿಕೆಗೆ ಯಾವ ಪುರಾವೆಯೂ ಇಲ್ಲ. ಕೊಳವೆಯ ಕೆಲಸದಲ್ಲಿ ದೋಷ ಕಂಡುಬಂದಿಲ್ಲ. ಹೆಂಡತಿಯ ವಿಷಯ ಬರೆಯಲಿಲ್ಲ. ಸಾಕ್ಷಿಯ ಜಾಗದಲ್ಲಿ ನೊರೀನ್ ಸಹಿ ಹಾಕಿದಳು. ದಿನಾಂಕದ ಕೆಳಗೆ, ಯಾರೂ ಕೇಳದಿದ್ದರೂ, ಗಂಟೆಯನ್ನೂ ಬರೆದಳು.

ಅದರ ನಕಲು ಹಿಡಿದು ಆರ್ಲಿಸ್ ಎಲ್ಡನ್‌ನ ಮನೆಗೆ ಹೋದ. ಹದಿನೆಂಟು ಮೈಲಿ ಅಷ್ಟೆ. ಈ ಹದಿಮೂರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಎಲ್ಡನ್ ಶೆಡ್ಡಿನಲ್ಲಿ ನೀರಿನ ಪಂಪು ಬಿಚ್ಚುತ್ತಿದ್ದ. ಅವನ ಹೆಂಡತಿ ವಿಲ್ಮಾ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಾ ಎನ್ನಲಿಲ್ಲ.

"ದಾರಿ ತಪ್ಪಿ ಬಂದ್ಯೇನಯ್ಯಾ?" ಎಂದ ಎಲ್ಡನ್.

ಆರ್ಲಿಸ್ ನಿಂತೇ ಹೇಳಿದ. ಮಧ್ಯೆ ನಿಲ್ಲಿಸಲಿಲ್ಲ. ಎಲ್ಡನ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ಎಷ್ಟು ಗಂಟೆ ಅಂದೆ?"

"ಮೂವತ್ತೊಂದು."

"ಮೂವತ್ತೊಂದು." ಎಲ್ಡನ್ ಪಂಪಿನ ಕಡೆ ತಿರುಗಿದ. "ನೆಡ್ರಾ ಮಣ್ಣಿಗೆ ನಾನೂ ಬಂದಿದ್ದೆ. ಪೆಟ್ಟಿಗೆಗೆ ಹೆಗಲು ಕೊಟ್ಟೆ. ನೆನಪಿದೆಯಾ?"

"ಇದೆ."

"ಅವತ್ತು ಬಂದು ನನ್ನ ಕಿವೀಲಿ ಹೇಳಿದ್ರೆ ನಾನೇ ಹೋಗಿ ಮತ್ತೆ ಅಳೀತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹೆಂಡ್ತಿ ಸಾಯ್ತಿರುವಾಗ ಯಾವನು ಗಡಿಯಾರ ನೋಡ್ತಾನೆ? ಅದಕ್ಕೆ ನಿನ್ನ ಯಾರೂ ಏನೂ ಅಂತಿರ್ಲಿಲ್ಲ." ಅವನ ಧ್ವನಿ ಏರಲಿಲ್ಲ. "ಆಮೇಲಿನ ಹದಿಮೂರು ವರ್ಷ ಇದೆಯಲ್ಲ, ಅದಕ್ಕೆ ಯಾವ ಆಸ್ಪತ್ರೆಯಿಂದ ಫೋನ್ ಬಂದಿತ್ತು?"

ಆರ್ಲಿಸ್ ಕಾಗದ ಮುಂದೆ ಚಾಚಿದ. ಎಲ್ಡನ್ ಅದನ್ನು ಮುಟ್ಟಲಿಲ್ಲ.

"ಕಾಗದ ಓದೋರು ಯಾರಪ್ಪ? ಹೂಸ್ಟನ್‌ನ ಕಂಪನಿ ಆಫೀಸಲ್ಲಿ ಯಾವನೋ ಕಪಾಟಿಗೆ ಹಾಕ್ತಾನೆ. ಒಳ್ಳೆ ಬಾವೀಗೆ ನನ್ನ ಕೈಯಾರೆ ಸಿಮೆಂಟ್ ಸುರಿಯೋವಾಗ ಸುತ್ತ ನಿಂತು ನಕ್ಕೋರು ಕಾಗದ ಓದೋ ಜನ ಅಲ್ಲ. ಶನಿವಾರ ಬೆಳಿಗ್ಗೆ ಡೋರಿಸ್ ಹೋಟ್ಲಲ್ಲಿ ಮೊಟ್ಟೆ ತಿಂತಾ ಕೂತಿರ್ತಾರೆ. ಹೇಳೋದಿದ್ರೆ ಅಲ್ಲಿ ಹೇಳು."

"ನೀನೂ ಬರ್ತೀಯಾ?"

"ಅಲ್ಲಿಗೆ ಹೋಗೋದು ಬಿಟ್ಟು ಎಷ್ಟು ವರ್ಷ ಆಯ್ತು ಅಂತ ವಿಲ್ಮಾನ ಕೇಳು."

ಗುರುವಾರ ಹನ್ನೆರಡಕ್ಕೆ ಬೀಗದ ಕೈಗಳು ಕೈ ಬದಲಾದವು. ಭಾಷಣ ಚಿಕ್ಕದಾಗಿತ್ತು. ಆರ್ಲಿಸ್‌ಗೆ ಬಂದಿದ್ದ ಪತ್ರವನ್ನು ನೊರೀನ್ ವಾಪಸ್ ಪಡೆದಳು, ಕ್ಷಮಿಸಿ ಸರ್ ಎಂದಳು.

ಶನಿವಾರ ಬೆಳಿಗ್ಗೆ ಆರೂವರೆಗೆ ಹೋಟೆಲಿನ ಉದ್ದದ ಮೇಜಿನಲ್ಲಿ ಒಂಬತ್ತು ಜನರಿದ್ದರು. ಎಲ್ಲರೂ ಬಾವಿಗಳಲ್ಲಿ ಅಥವಾ ಹೀಲಿಯಂ ಸ್ಥಾವರದಲ್ಲಿ ದುಡಿದವರು.

"ಬಾರಯ್ಯಾ ನಿರುದ್ಯೋಗಿ," ಎಂದು ರಾಂಡಲ್ ಪೈಕ್ ಕೂಗಿದ. "ಇವತ್ತು ಕಾಫಿ ಅಳ್ದು ಕೊಡ್ತೀಯಾ, ಇಲ್ಲ ಮೂರು ದಿನ ಕಾಯ್ಬೇಕಾ?"

ಎಲ್ಲರೂ ನಕ್ಕರು. ಆರ್ಲಿಸ್ ಕುಳಿತುಕೊಳ್ಳಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದ. ಕಿಟಕಿಯಾಚೆ, ಅಂಗಳದ ಕೊನೆಯಲ್ಲಿ, ಎಲ್ಡನ್‌ನ ನೀಲಿ ಟ್ರಕ್ಕು ನಿಂತದ್ದು ಕಂಡಿತು. ಎಂಜಿನ್ ಆರಿಸಿತ್ತು. ಅವನು ಇಳಿಯಲಿಲ್ಲ.

ಆರ್ಲಿಸ್ ಹೇಳಿದ. ಬಾವಿಯ ಸಂಖ್ಯೆ, ಗಂಟೆ, ತಾನು ಬರೆದ ಸುಳ್ಳು, ಎಲ್ಡನ್‌ನ ಜೋಡಣೆ ಬಿಗಿಯಾಗಿಯೇ ಇದ್ದದ್ದು. ಎರಡು ನಿಮಿಷವೂ ಹಿಡಿಯಲಿಲ್ಲ.

"ಆ ಸೋರಿಕೆ ಮಾತು ನಾನೇ ಊರೆಲ್ಲ ಹೇಳ್ಕೊಂಡು ತಿರುಗಿದ್ದೆ," ಎಂದ ರಾಂಡಲ್. ಯಾರನ್ನೂ ನೋಡಿ ಹೇಳಿದ ಮಾತಲ್ಲ. "ನನ್ನ ಮಗನ ಮದ್ವೇಲಿ ಕೂಡ ಎಲ್ಡನ್ ಮುಂದೇನೇ ಅಂದಿದ್ದೆ."

ಅವನು ಕುರ್ಚಿ ಹಿಂದೆ ಸರಿಸಿ ಎದ್ದ. ತಟ್ಟೆಯಲ್ಲಿ ತಿಂಡಿ ಅರ್ಧ ಉಳಿದಿತ್ತು. ಆರ್ಲಿಸ್‌ನನ್ನು ದಾಟಿ ಹೊರಗೆ ಹೋಗಿ, ಅಂಗಳ ದಾಟಿ, ಟ್ರಕ್ಕಿನ ಕಿಟಕಿಯ ಹತ್ತಿರ ನಿಂತ. ಇನ್ನೊಬ್ಬ ಎದ್ದ. ಆಮೇಲೆ ಇಬ್ಬರು ಒಟ್ಟಿಗೆ ಎದ್ದರು. ಕಡೆಗೆ ಮೇಜು ಖಾಲಿಯಾಯಿತು. ಹೊರಗೆ ಟ್ರಕ್ಕಿನ ಸುತ್ತ ಒಂಬತ್ತು ಜನ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು. ಏನು ಮಾತಾಡುತ್ತಿದ್ದಾರೆಂದು ಗಾಜಿನ ಈಚೆಗೆ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟ್ರಕ್ಕಿನ ಬಾಗಿಲು ತೆರೆಯಿತು. ಎಲ್ಡನ್ ಒಂದು ಕಾಲನ್ನು ನೆಲಕ್ಕಿಟ್ಟ.

ಆರ್ಲಿಸ್ ಹ್ಯಾಟು ಹಾಕಿಕೊಂಡು, ಅಡುಗೆಮನೆಯ ಕಡೆಯ ಬಾಗಿಲಿನಿಂದ ಹೊರಟ. ಅವರು ಒಳಗೆ ಬರುವಾಗ ತಾನು ಅಲ್ಲಿರಬಾರದೆಂದು ಅವನಿಗೆ ಅನಿಸಿತು.