ಬೆಟ್ಟದ ಕಳ್ಳನ ಮುಖ

ಚನ್ನರಾಯನದುರ್ಗದ ಪೂಜಾರಿ ಮಹಾಲಿಂಗಯ್ಯನವರ ಮಗ ರೇಣುಕಯ್ಯನ ಕೈಗೆ ವಿಭೂತಿಗಿಂತ ಮಸಿಯೇ ಹೆಚ್ಚು ಮೆತ್ತಿರುತ್ತಿತ್ತು. ದೇವಸ್ಥಾನದ ಗೋಡೆಗೆ ಇದ್ದಿಲಲ್ಲಿ ಗೀಚಿ ಒದೆ ತಿಂದವನು, ಇಪ್ಪತ್ತು ತುಂಬುವ ಹೊತ್ತಿಗೆ ಬೆಂಗಳೂರಿನ ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಚೌಕ ಚೌಕವಾಗಿ ಚಿತ್ರ ಬರೆದು, ಕೆಳಗೆ ಮಾತು ಸೇರಿಸಿ ಕತೆ ಕಳಿಸತೊಡಗಿದ. ಕತೆಯ ಹೆಸರು 'ಬೆಟ್ಟದ ಕಳ್ಳ'. ತಿಂಗಳಿಗೊಂದು ಪುಟ. ಊರಿಗೆ ಊರೇ ಕಾದು ಓದುತ್ತಿತ್ತು.

ಕಳ್ಳನಿಗೊಂದು ಮುಖ ಬೇಕಿತ್ತಲ್ಲ? ಗೆಳೆಯ ಬೋರಪ್ಪನದನ್ನೇ ಕೊಟ್ಟ. ಕುರಿ ಕಾಯುವ ಬೋರಪ್ಪ ಕೋಲಿಗೆ ಗದ್ದ ಊರಿ ನಿಂತನೆಂದರೆ ಗಂಟೆಗಟ್ಟಲೆ ಅಲುಗಾಡುತ್ತಿರಲಿಲ್ಲ. ಅಷ್ಟು ಹೊತ್ತು ನಿಲ್ಲುವವರು ಇನ್ಯಾರು ಸಿಗುತ್ತಾರೆ? ರೇಣುಕಯ್ಯ ಆ ಹುಬ್ಬನ್ನು ಗಂಟಿಕ್ಕಿಸಿ, ಕಣ್ಣು ಓರೆ ಮಾಡಿ, ತುಟಿಗೊಂದು ಕಳ್ಳನಗೆ ಅಂಟಿಸಿದ.

"ನಾನ್ ಇಂಗಿದ್ದೀನಾ ಅಯ್ನೋರೆ?" ಎಂದು ಬೋರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಹದಿನಾಲ್ಕನೆಯ ಕಂತು ಬಂದ ತಿಂಗಳು ಪಕ್ಕದೂರಿನ ಸೆಟ್ಟರ ಮನೆಗೆ ಕನ್ನ ಬಿತ್ತು. ಪತ್ರಿಕೆಯ ಕಳ್ಳನ ಮುಖ ಗುರುತಿಸಿ ಪೊಲೀಸರು ಬೋರಪ್ಪನನ್ನು ಮಂದೆಯಿಂದಲೇ ಎಳೆದೊಯ್ದರು. ಅಚ್ಚಾದದ್ದು ಸುಳ್ಳಾಗದು ಎಂದು ಜನ ನಂಬಿದ್ದ ಕಾಲ ಅದು. ರೇಣುಕಯ್ಯ ಠಾಣೆಗೆ ಓಡಿದ. ದಫೇದಾರನ ಮೇಜಿನ ಮೇಲೆ ಪತ್ರಿಕೆ ತೆರೆದಿತ್ತು.

"ಈ ಮುಖ ಬೋರನ್ದೇ, ಅಲ್ವಾ? ಅಷ್ಟು ಹೇಳಿ ಸಾಕು."

"ಮುಖ ಅವನ್ದೇ. ಆದ್ರೆ ಕಳ್ತನ ನಾನ್ ಕಟ್ಟಿದ್ ಕತೆ, ಸ್ವಾಮಿ."

ದಫೇದಾರ ಮೊದಲ ಎರಡು ಪದವನ್ನಷ್ಟೇ ಬರೆದುಕೊಂಡು ರುಜು ಕೇಳಿದ. ತನ್ನ ಒಂದೊಂದು ಗೆರೆಯನ್ನೂ ಹತ್ತು ಸಲ ತಿದ್ದುವ ಈ ಮಹಾಶಯ, ಇನ್ನೊಬ್ಬ ಬರೆದದ್ದನ್ನು ಒಂದು ಸಲವೂ ಓದದೆ ರುಜು ಹಾಕಿ ಬಂದ!

ಠಾಣೆಯಲ್ಲಿ ಬಿದ್ದ ಏಟಿಗೆ ಬೋರಪ್ಪ ವಾರದೊಳಗೆ ಸತ್ತ. ಕದ್ದವನು ಸೆಟ್ಟರ ಅಳಿಯನೇ ಎಂದು ಆಮೇಲೆ ಗೊತ್ತಾಯಿತು. ಯಾರಿಗೆ ಬೇಕಾಗಿತ್ತು ಆಗ ಆ ಸತ್ಯ?

ಬೋರಪ್ಪನ ತಾಯಿ ಭೀಮಕ್ಕ ಬಾಗಿಲಿಗೆ ಬಂದಳು. ಬಯ್ಯಲಿಲ್ಲ. ಬಯ್ದಿದ್ದರೆ ರೇಣುಕಯ್ಯನಿಗೆ ಉಸಿರಾದರೂ ಆಡುತ್ತಿತ್ತು.

"ನನ್ ಮಗನ್ದು ಒಂದ್ ಪಟ ಬರ್ಕೊಡಿ ಅಯ್ನೋರೆ. ಮುಂದಿಟ್ಕೊಂಡು ಎಡೆ ಇಡಾಕೆ ಬೇಕು."

ರೇಣುಕಯ್ಯ ಬರೆದ, ಹರಿದ, ಮತ್ತೆ ಬರೆದ. ಹದಿನಾಲ್ಕು ತಿಂಗಳು ಒಂದೇ ಮುಖಕ್ಕೆ ಪಳಗಿದ ಕೈ ಅದು; ಹುಬ್ಬು ಬರೆದರೆ ಗಂಟು ಬೀಳುತ್ತಿತ್ತು, ತುಟಿ ಬರೆದರೆ ಆ ನಗೆ ಬಂದುಬಿಡುತ್ತಿತ್ತು. ಕಣ್ಣು ಮುಚ್ಚಿ ನೆನೆದರೂ ಕಾಣುತ್ತಿದ್ದವನು ಪತ್ರಿಕೆಯ ಕಳ್ಳನೇ. ಬದುಕಿದ್ದ ಬೋರಪ್ಪ ಹೇಗಿದ್ದನೆಂಬುದೇ ಅವನಿಗೆ ಮರೆತುಹೋಗಿತ್ತು. ಕೊನೆಗೆ ಇದ್ದುದರಲ್ಲಿ ವಾಸಿ ಎನಿಸಿದ್ದನ್ನು ಕೊಟ್ಟ.

ಭೀಮಕ್ಕ ಬಹಳ ಹೊತ್ತು ನೋಡಿದಳು.

"ಇವ್ನು ನನ್ ಮಗ ಅಲ್ಲ ಕಣಪ್ಪಾ" ಎಂದು ಪಟ ಹಿಂದಕ್ಕೆ ಕೊಟ್ಟು ಹೋದಳು.

ಠಾಣೆಯಲ್ಲಿ ತಾನು ಹೇಳಬೇಕಾಗಿದ್ದ ಮಾತು ಅದೇ ಎಂದು ರೇಣುಕಯ್ಯನಿಗೆ ಆಗ ಹೊಳೆಯಿತು.