ಮದ್ದು ಹಿಡಿಯುವಷ್ಟು ಹೊತ್ತು

ಅಂಗಿಯ ಕಾಲರಿಗೆ ಸೋಪು ಹಚ್ಚಿ ತಿಕ್ಕುತ್ತಿದ್ದ ಹೆಂಡತಿಯ ಹಿಂದೆ ಬಂದು ನಿಂತ ಬಡಗಿ, "ನಾನಿವತ್ತು ಆಸ್ಪತ್ರೆಗೆ ಬರಲ್ಲ" ಎಂದ.

ಅವಳ ಕೈ ಅಲ್ಲೇ ನಿಂತಿತು. ಹೋದ ವರ್ಷ ಅವನ ಮೂತ್ರದಲ್ಲಿ ರಕ್ತ ಬಂದು, ಮೂತ್ರಚೀಲದೊಳಗಿನ ಗಡ್ಡೆ ತೆಗೆದಿದ್ದರು. ಅದು ಮತ್ತೆ ಬೆಳೆದರೆ ಬೇಗ ಗೊತ್ತಾಗಲೆಂದು, ಆಗಾಗ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಮೂತ್ರದ ದಾರಿಯಲ್ಲಿ ಬಿಟ್ಟು ನೋಡಬೇಕು. ಅದೇ ದಿನ ಮನೆಗೆ ಬರಬಹುದು. ಇವತ್ತು ಆ ತಪಾಸಣೆಯ ದಿನ.

"ಯಾಕ್ರೀ?"

"ಹೋದ ಸಲ ಜೀವ ಬಾಯಿಗೆ ಬಂದಿತ್ತು. ಆ ಮರಗಟ್ಟಿಸೋ ಮುಲಾಮು ನನ್ನ ಮೈಗೆ ಹತ್ತಲ್ಲ."

"ಹಾಗಿದ್ರೆ ನಿದ್ದೆ ಬರೋ ಇಂಜೆಕ್ಷನ್ನೇ ಕೇಳೋಣ."

"ಮಲಗಿದವನು ಏಳದೇ ಇದ್ರೆ?"

"ಹಾಗಾದ್ರೆ ಮುಲಾಮೇ..."

"ಹತ್ತಲ್ಲ ಅಂದ್ನಲ್ಲೇ!"

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನ ಮುದುಕ ಅದೇ ತಪಾಸಣೆ ಮುಗಿಸಿ ನಗುತ್ತಾ ಹೊರಬಂದದ್ದನ್ನು ಅವಳೇ ನೋಡಿದ್ದಳು. ಒಂದೇ ಮುಲಾಮು ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಹತ್ತದಿರುವುದೆಂದರೇನು?

"ಅಪ್ಪಾ, ಮತ್ತೆ..." ಎಂದು ಮಗಳು ಬಾಯಿ ತೆರೆದಳು.

"ದೊಡ್ಡವರ ಮಧ್ಯೆ ಬರ್ಬೇಡ" ಎಂದು ಗದರಿದ ಅಮ್ಮ, ಸೋಪಿನ ಕೈಯಲ್ಲೇ ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು.

"ಮುಲಾಮು ಹಾಕಿದ್ಮೇಲೆ ಎಷ್ಟು ಹೊತ್ತು ಕಾದ್ರಿ ಅಣ್ಣಾ?" ಎಂದು ನರ್ಸಕ್ಕ ಕೇಳಿದಳು.

ಬಡಗಿ ಗೋಡೆ ನೋಡಿದ. "ಕಾಯೋದೇನು ಬಂತು. ಅಷ್ಟು ಜನರ ಮುಂದೆ ಬಟ್ಟೆ ಇಲ್ಲದೆ... ಮರಗಟ್ಟಿದೆ, ಬೇಗ ಶುರು ಮಾಡಿ ಅಂದ್ಬಿಟ್ಟೆ."

"ಮರಗಟ್ಟಿತ್ತಾ?"

"ಯಾರಿಗೆ ಗೊತ್ತು!"

ಹೆಂಡತಿ ಹಣೆ ಚಚ್ಚಿಕೊಂಡಳು. ಹಣೆಯ ತುಂಬ ಸೋಪಿನ ನೊರೆ.

"ಕುರ್ಚಿ ಕಾಲಿಗೆ ಅಂಟು ಹಚ್ಚಿದ ತಕ್ಷಣ ಅದರ ಮೇಲೆ ಕೂತ್ರೆ ಏನಾಗುತ್ತಣ್ಣಾ?" ನರ್ಸಕ್ಕ ಕೇಳಿದಳು.

"ಕೂತವನು ನೆಲಕ್ಕೆ ಬೀಳ್ತಾನೆ, ಇನ್ನೇನು?"

"ಇದೂ ಹಾಗೇ. ಮದ್ದು ಹಿಡಿಯೋಕೆ ಕೆಲವು ನಿಮಿಷ ಬೇಕು. ಮೊದಲು ತಣ್ಣಗೆ, ಸ್ವಲ್ಪ ಉರಿ, ಆಮೇಲೆ ಅಷ್ಟು ಜಾಗ ಜೋಮು ಹಿಡಿಯುತ್ತೆ. ನೀವು ಎಚ್ಚರವಾಗೇ ಇರ್ತೀರಿ."

"ಒಂಚೂರೂ ನೋವಾಗಲ್ವಾ?" ಹೆಂಡತಿ ಕೇಳಿದಳು.

"ಸುಳ್ಳು ಹೇಳಲ್ಲ. ಒತ್ತಿದ ಹಾಗೆ, ಮೂತ್ರ ಬಂದ ಹಾಗೆ ಅನ್ಸುತ್ತೆ. ತಡೆಯೋಕಾಗದ ನೋವು ಬಂದ್ರೆ ಬಾಯಿಬಿಟ್ಟು ಹೇಳ್ಬೇಕು. ನಿಲ್ಲಿಸ್ತಾರೆ."

"ಜೋಮು ಹಾಗೇ ಉಳಿದುಬಿಟ್ರೆ?" ಬಡಗಿಯ ದನಿ ಇಳಿದಿತ್ತು.

"ಸ್ವಲ್ಪ ಹೊತ್ತಿಗೆ ಬಿಡುತ್ತೆ. ನಿಮ್ಮ ಗಂಡಸ್ತನ ಎಲ್ಲೂ ಓಡಿಹೋಗಲ್ಲ ಬಿಡಿ!"

ಬಡಗಿ ನಾಚಿ ನಕ್ಕ. ಒಳಗೆ ಹೋಗಿ ಒಗೆದಿಟ್ಟಿದ್ದ ಬೇರೆ ಅಂಗಿ ತೊಟ್ಟು ಬಂದ. ಹೆಂಡತಿಗೆ ಇನ್ನೂ ಎರಡು ಮೂರು ಅನುಮಾನ ಉಳಿದಿದ್ದವು. ಅವನ್ನು ಡಾಕ್ಟರನ್ನೇ ಕೇಳುವುದೆಂದಾಯಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ತಪಾಸಣೆ ಇದ್ದರೆ, ನಾಚಿಕೆಗೆ ಬಿದ್ದು ಮದ್ದು ಹಿಡಿಯುವ ಮೊದಲೇ "ಆಯ್ತು" ಎನ್ನಬೇಡಿ. ಯಾವುದಾದರೂ ಮದ್ದು ಮೈಗೆ ಒಗ್ಗದಿದ್ದರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮನೆಗೆ ಬಂದ ಮೇಲೆ ಒಂದೆರಡು ದಿನ ಸಣ್ಣ ಉರಿ ಸಹಜ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ಮೂತ್ರದಲ್ಲಿ ರಕ್ತ ಹೆಚ್ಚಾಗಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನೋವಾದರೆ ನೋವೆನ್ನಿ.

ಬಡಗಿ ಚಪ್ಪಲಿ ಮೆಟ್ಟುತ್ತಿದ್ದಾಗ ಮಗಳು ಅವನ ತೋಳು ಹಿಡಿದಳು. ಈ ಸಲ ಅಮ್ಮ ಗದರಲಿಲ್ಲ.

"ಅಪ್ಪಾ, ನಾನು ಬಿದ್ದಾಗ ಎಲ್ಲಿ ನೋವು ಹೇಳು ಹೇಳು ಅಂತೀಯಲ್ಲ, ಅವತ್ತು ನೀನ್ಯಾಕೆ ಹೇಳ್ಲಿಲ್ಲ?"